ಮುಂಜಾವಿನ ತಲೆನೋವು ಮತ್ತು ನಾವು ಮಲಗುವ ಕೋಣೆ

ನಿದ್ರೆಯಿಂದ ಎದ್ದವರ ದೇಹ ಹಗುರಾಗಿರಬೇಕು, ಮನಸ್ಸು ತಿಳಿಯಾಗಿರಬೇಕು. ಪ್ರಾತಃಕಾಲದ ಇಷ್ಟಲಿಂಗ ಪೂಜೆಗೂ, ಅದರ ಬೆನ್ನಿಗೇ ಆರಂಭವಾಗುವ ದಿನದ ಕಾಯಕಕ್ಕೂ ಇದೇ ಬಂಡವಾಳ. ಆದರೆ ಅನೇಕರಿಗೆ ಬೆಳಗಾಗುವುದೇ ತಲೆಭಾರದೊಡನೆ. ಹಣೆ ಬಿಗಿದಂತಿರುತ್ತದೆ, ಕಣ್ಣಿನ ಹಿಂಬದಿಯಲ್ಲಿ ನೋವು ಮಿಡಿಯುತ್ತಿರುತ್ತದೆ, ಎಂಟು ಗಂಟೆ ಮಲಗಿದ್ದರೂ ನಿದ್ರೆಯಾದಂತೆ ಅನಿಸುವುದಿಲ್ಲ. ಬಿಸಿ ಚಹಾ ಕುಡಿದು, ಅಂಗಡಿಯಿಂದ ತಂದ ಗುಳಿಗೆಯೊಂದನ್ನು ನುಂಗಿ ಕೆಲಸಕ್ಕೆ ಹೊರಡುತ್ತಾರೆ. ಹೊತ್ತು ಏರಿದಂತೆ ನೋವು ಇಳಿಯುತ್ತದೆ. ಮರುದಿನ ಬೆಳಗಿಗೆ ಮತ್ತೆ ಅದೇ ಭಾರ.

ಇಂಥ ತಲೆನೋವಿನಲ್ಲಿ ಒಂದು ಸುಳಿವು ಅಡಗಿದೆ. ಎದ್ದಾಗ ಇದ್ದ ನೋವು ಹೊರಗೆ ಗಾಳಿಯಲ್ಲಿ ಒಂದೆರಡು ಗಂಟೆ ಕಳೆದ ಮೇಲೆ ಕಡಿಮೆಯಾಗುತ್ತಿದ್ದರೆ, ಪರವೂರಿನ ನೆಂಟರ ಮನೆಯಲ್ಲಿ ಮಲಗಿದ ದಿನ ಬಾರದೆ ಹೋದರೆ, ಅಥವಾ ಒಂದೇ ಕೋಣೆಯಲ್ಲಿ ಮಲಗಿದ ಇಬ್ಬರು ಮೂವರಿಗೆ ಒಟ್ಟಿಗೇ ಬರುತ್ತಿದ್ದರೆ, ನಾವು ಮೊದಲು ಪರೀಕ್ಷಿಸಬೇಕಾದುದು ಮಲಗುವ ಕೋಣೆಯನ್ನು. ಗುಳಿಗೆ ನೋವನ್ನು ಅಂದಿನ ಮಟ್ಟಿಗೆ ಅಡಗಿಸಬಲ್ಲದು. ಕೋಣೆಯಲ್ಲಿರುವ ಕಾರಣವನ್ನು ಅದು ಮುಟ್ಟುವುದಿಲ್ಲ. ಆ ಕಾರಣಗಳಲ್ಲಿ ಹಲವು ಸಾಮಾನ್ಯವಾದವು, ಕೆಲವು ಪ್ರಾಣಕ್ಕೇ ಎರವಾಗುವಂಥವು. ಕೆಂಚನಗುಡ್ಡ, ಸಿರುಗುಪ್ಪ, ಕುರುಗೋಡು ಭಾಗದ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು ಅವುಗಳನ್ನು ಇಲ್ಲಿ ವಿವರಿಸುತ್ತೇವೆ.

ತಲೆನೋವು ಎಷ್ಟು ವ್ಯಾಪಕ?

ಬೆಂಗಳೂರು ನಗರ ಮತ್ತು ಅದರ ಸುತ್ತಲಿನ ಗ್ರಾಮಗಳಲ್ಲಿ 18ರಿಂದ 65 ವರ್ಷದೊಳಗಿನ 2,329 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದ ಸಮೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ವರ್ಷವೊಂದರಲ್ಲಿ ಶೇಕಡಾ 63.9ರಷ್ಟು ಜನರಿಗೆ ಒಮ್ಮೆಯಾದರೂ ತಲೆನೋವು ಬಂದಿತ್ತು. ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್, ಅಂದರೆ ನಮ್ಮ ಹಿರಿಯರು ಅರೆತಲೆನೋವು ಎನ್ನುತ್ತಿದ್ದ ಬಾಧೆ ಇತ್ತು. ಪುರುಷರಿಗಿಂತ ಮಹಿಳೆಯರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ತಲೆನೋವು ಹೆಚ್ಚಾಗಿ ಕಂಡುಬಂದಿತು. ತಲೆನೋವು ಪಟ್ಟಣದವರ, ಓದುಬರಹದವರ ಕಾಯಿಲೆ ಎಂಬ ಗ್ರಹಿಕೆಗೆ ಇದರಿಂದ ಆಧಾರ ಸಿಗುವುದಿಲ್ಲ.

ನೋವು ಹುಟ್ಟುವ ಬಗೆಯನ್ನೂ ತಿಳಿಯುವುದು ಲೇಸು. ಮಿದುಳಿನ ತಿರುಳಿಗೆ ತನ್ನದೇ ನೋವಿನ ಅರಿವಿಲ್ಲ. ಅದನ್ನು ಆವರಿಸಿರುವ ಪೊರೆಗಳು, ಅಲ್ಲಿಯ ರಕ್ತನಾಳಗಳು, ತಲೆ ಮತ್ತು ಕತ್ತಿನ ಸ್ನಾಯುಗಳು, ಮೂಗಿನ ಸುತ್ತಲಿನ ಗಾಳಿಗೂಡುಗಳು, ದವಡೆ ಇವು ನೋವನ್ನು ಅರಿಯುತ್ತವೆ. ನಿದ್ರೆ ಮತ್ತು ಎಚ್ಚರವನ್ನು ನಿಯಂತ್ರಿಸುವ ಹೈಪೊಥಲಾಮಸ್ ಎಂಬ ಮಿದುಳಿನ ಭಾಗವು ಮೈಗ್ರೇನಿನ ಆರಂಭದಲ್ಲಿಯೂ ಪಾತ್ರ ವಹಿಸುತ್ತದೆ. ಆದ್ದರಿಂದ ನಿದ್ರೆ ಕೆಟ್ಟರೆ ತಲೆ ನೋಯುತ್ತದೆ, ತಲೆ ನೋಯುತ್ತಿದ್ದರೆ ನಿದ್ರೆ ಕೆಡುತ್ತದೆ. ಈ ಸುತ್ತನ್ನು ಕಡಿಯಲು ನಮ್ಮ ಕೈಗೆ ಸುಲಭವಾಗಿ ಸಿಗುವ ಎಳೆಯೆಂದರೆ ಮಲಗುವ ಸ್ಥಳ.

ಕಾವು

ಬಳ್ಳಾರಿಯ ಬೇಸಿಗೆಯನ್ನು ಇಲ್ಲಿಯವರಿಗೆ ವರ್ಣಿಸಬೇಕಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ದಾಟುವುದು ಹೊಸತೇನಲ್ಲ. ಆದರೆ ನಿದ್ರೆಯನ್ನು ಕೆಡಿಸುವುದು ಹಗಲಿನ ಬಿಸಿಲಿಗಿಂತ ರಾತ್ರಿ ಕೋಣೆಯೊಳಗೆ ಉಳಿಯುವ ಕಾವು. ನಿದ್ರೆ ಹತ್ತಬೇಕಾದರೆ ದೇಹದ ಒಳ ಉಷ್ಣತೆ ಇಳಿಯತೊಡಗಬೇಕು. ರಾತ್ರಿಯಲ್ಲಿ ಅದು ಸುಮಾರು ಒಂದು ಡಿಗ್ರಿಯಷ್ಟು ತಗ್ಗುತ್ತದೆ. ಚರ್ಮದ ಮೂಲಕ ಈ ಶಾಖ ಹೊರಹೋಗಲು ಸುತ್ತಲಿನ ಗಾಳಿ ತಂಪಾಗಿರಬೇಕು. ಕೋಣೆಯೇ ಕಾದಿದ್ದರೆ ಗಾಢನಿದ್ರೆಯ ಅವಧಿ ಕುಗ್ಗುತ್ತದೆ, ಮತ್ತೆ ಮತ್ತೆ ಎಚ್ಚರವಾಗುತ್ತದೆ. ಬೆವರಿನಲ್ಲಿ ನೀರು, ಲವಣ ಹೋಗಿ ದೇಹ ಒಣಗುತ್ತದೆ. ಬೆಳಗಿನ ತಲೆನೋವಿಗೆ ಈ ನೀರಿನ ಕೊರತೆಯೂ ಒಂದು ಕಾರಣ.

ಹಳೆಯ ಮಾಳಿಗೆ ಮನೆಗಳ ದಪ್ಪ ಗೋಡೆ, ಮಣ್ಣಿನ ಮೇಲ್ಮುದ್ದೆ ಹಗಲಿನ ಕಾವನ್ನು ನಿಧಾನವಾಗಿ ಒಳಬಿಡುತ್ತಿದ್ದವು. ಮೇಲಿನ ಬೆಳಕಿಂಡಿಯಿಂದ ಬಿಸಿಗಾಳಿ ಹೊರಹೋಗುತ್ತಿತ್ತು. ಬೇಸಿಗೆಯಲ್ಲಿ ಹೇಗೂ ಜನ ಮಾಳಿಗೆಯ ಮೇಲೋ, ಅಂಗಳದಲ್ಲಿ ಹೊರಸಿನ ಮೇಲೋ ಮಲಗುತ್ತಿದ್ದರು. ಈಗಿನ ತೆಳು ಕಾಂಕ್ರೀಟ್ ಛಾವಣಿ ಹಗಲೆಲ್ಲ ಬಿಸಿಲನ್ನು ಹೀರಿ, ಸಂಜೆಯಿಂದ ನಡುರಾತ್ರಿಯವರೆಗೆ ಅದನ್ನು ಕೋಣೆಯೊಳಕ್ಕೆ ಸುರಿಯುತ್ತದೆ. ಫ್ಯಾನು ಆ ಕಾದ ಗಾಳಿಯನ್ನೇ ಕೆಳಕ್ಕೆ ತಳ್ಳುತ್ತದೆ. ತಗಡಿನ ಶೆಡ್ಡುಗಳಲ್ಲಿ ವಾಸಿಸುವವರಿಗೆ ಹಗಲಿನ ಸಂಕಟ ಇನ್ನೂ ಹೆಚ್ಚು.

ಇದಕ್ಕೆ ಕಡಿಮೆ ಖರ್ಚಿನ ಉಪಾಯಗಳಿವೆ. ಬೇಸಿಗೆಗೆ ಮುನ್ನ ಛಾವಣಿಯ ಮೇಲೆ ದಪ್ಪನಾಗಿ ಸುಣ್ಣ ಬಳಿದರೆ ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಹೊರಗೆ ಬಿಸಿಯಿರುವಾಗ ಕಿಟಕಿ ಮುಚ್ಚಿ ಪರದೆ ಇಳಿಬಿಟ್ಟು, ಸೂರ್ಯ ಮುಳುಗಿ ಹೊರಗಾಳಿ ತಣಿದ ಮೇಲೆ ಎದುರುಬದುರಿನ ಕಿಟಕಿ ಬಾಗಿಲುಗಳನ್ನು ತೆರೆಯಬೇಕು. ನೀರಿನ ಕೂಲರ್ ಬಳಸುವವರು ಒಂದು ಮಾತು ನೆನಪಿಡಬೇಕು. ಕೂಲರ್ ತೇವಗಾಳಿಯನ್ನು ಒಳಗೆ ತುಂಬುತ್ತದೆ. ಅಷ್ಟೇ ಗಾಳಿ ಹೊರಹೋಗಲು ದಾರಿಯಿಲ್ಲದಿದ್ದರೆ ತೇವ ಹೆಚ್ಚಿ, ಬೆವರು ಆರದೆ, ಕೋಣೆ ಮತ್ತಷ್ಟು ಉಸಿರುಗಟ್ಟಿಸುತ್ತದೆ. ಕೂಲರ್ ನಡೆಯುವಾಗ ಎದುರಿನ ಕಿಟಕಿ ತೆರೆದಿರಬೇಕು. ಅದರ ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ಉಜ್ಜಿ ತೊಳೆದು ಒಣಗಿಸಬೇಕು; ಇಲ್ಲವಾದರೆ ಡೆಂಗಿ ಹರಡುವ ಸೊಳ್ಳೆಗೆ ಅದೇ ತೊಟ್ಟಿಲಾಗುತ್ತದೆ.

ಗಾಳಿ ಮತ್ತು ಸೊಳ್ಳೆ

ತುಂಗಭದ್ರೆಯ ದಂಡೆ ಮತ್ತು ಕಾಲುವೆಯ ನೀರು ಈ ಭಾಗವನ್ನು ಭತ್ತದ ನಾಡಾಗಿಸಿವೆ. ನಿಂತ ನೀರಿನ ಗದ್ದೆಯೊಡನೆ ಸೊಳ್ಳೆಯೂ ಬಂದಿದೆ. ಸೊಳ್ಳೆಗೆ ಹೆದರಿ, ಕಳ್ಳರಿಗೆ ಹೆದರಿ, ಗದ್ದೆಯ ಬದಿಯ ಮನೆಗಳಲ್ಲಿ ಹಾವಿಗೂ ಹೆದರಿ ಸಂಜೆಯೇ ಕಿಟಕಿಗಳು ಮುಚ್ಚುತ್ತವೆ. ಈ ಭಯಗಳು ನಿರಾಧಾರವಲ್ಲ. ಆದರೆ ಮುಚ್ಚಿದ ಕೋಣೆಯೊಳಗೆ ಏನಾಗುತ್ತದೆಂಬ ಲೆಕ್ಕವನ್ನೂ ಹಾಕಬೇಕು.

ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಸಾವಿರ ಲೀಟರ್ ಗಾಳಿ ಹಿಡಿಯುತ್ತದೆ. ಮಲಗಿರುವ ವಯಸ್ಕರೊಬ್ಬರು ಗಂಟೆಗೆ 10ರಿಂದ 15 ಲೀಟರಿನಷ್ಟು ಇಂಗಾಲದ ಡೈಆಕ್ಸೈಡನ್ನು ಉಸಿರಿನಲ್ಲಿ ಹೊರಬಿಡುತ್ತಾರೆ. ಹೊರಗಿನ ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷ ಪಾಲಿಗೆ ಸುಮಾರು 420 ಪಾಲು ಮಾತ್ರ. ನಾಲ್ವರು ಮಲಗಿದ ಕೋಣೆ ಸಂಪೂರ್ಣವಾಗಿ ಮುಚ್ಚಿಹೋಗಿದ್ದರೆ ಮೂರು ಗಂಟೆಗಳೊಳಗೆ ಅದು ಹತ್ತು ಪಟ್ಟನ್ನು ಮೀರುತ್ತದೆ. ಬಾಗಿಲ ಸಂದಿಗಳಿರುವುದರಿಂದ ಅಷ್ಟು ಏರದಿದ್ದರೂ ಹಲವು ಪಟ್ಟು ಹೆಚ್ಚುವುದು ಖಚಿತ. ಈ ಪ್ರಮಾಣ ವಿಷವೇನಲ್ಲ. ಆದರೆ ಅದರೊಡನೆ ಕಾವು, ತೇವ, ಬೆವರಿನ ವಾಸನೆ ಎಲ್ಲವೂ ಕೂಡಿ ನಿದ್ರೆ ತೆಳುವಾಗುತ್ತದೆ, ಎದ್ದಾಗ ತಲೆ ಮಂಕಾಗಿರುತ್ತದೆ. ತಲೆ ಯಾವ ದಿಕ್ಕಿಗಿರಬೇಕು ಎಂದು ವಿಚಾರಿಸುವಷ್ಟೇ ಆಸ್ಥೆಯಿಂದ, ಗಾಳಿ ಯಾವ ದಿಕ್ಕಿನಿಂದ ಬಂದು ಯಾವ ದಿಕ್ಕಿಗೆ ಹೋಗುತ್ತದೆ ಎಂಬುದನ್ನೂ ವಿಚಾರಿಸಬೇಕು.

ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿಟ್ಟು ಮಲಗುವುದು ತೊಂದರೆಯನ್ನು ಇಮ್ಮಡಿಗೊಳಿಸುತ್ತದೆ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದಾಗ ಹೊರಬೀಳುವ ಅತಿಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಯ ಕಣಗಳಿಗೆ ಸಮವೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿದೆ. ಮನೆಯಲ್ಲಿ ಬೀಡಿಯನ್ನೇ ಮುಟ್ಟದ ಕುಟುಂಬಗಳೂ ಹೀಗೆ ರಾತ್ರಿಯಿಡೀ ಹೊಗೆ ಸೇವಿಸುತ್ತವೆ. ಮೈಗ್ರೇನ್ ಇರುವವರಲ್ಲಿ ಹೊಗೆ ಮತ್ತು ತೀಕ್ಷ್ಣ ವಾಸನೆಯೇ ನೋವನ್ನು ಕೆರಳಿಸಬಲ್ಲವು. ಊದುಬತ್ತಿ, ಲೋಬಾನಗಳಿಗೂ ಈ ಮಾತು ಅನ್ವಯಿಸುತ್ತದೆ. ಪೂಜೆಯ ಸ್ಥಳ ಮಲಗುವ ಕೋಣೆಯಲ್ಲೇ ಇದ್ದರೆ ಅವನ್ನು ಮುಂಜಾನೆ ಕಿಟಕಿ ತೆರೆದು ಹಚ್ಚುವುದು ಉಚಿತ, ಮಲಗುವ ಮುನ್ನ ಬೇಡ.

ಹಾಗೆಂದು ಸೊಳ್ಳೆಯನ್ನು ಕಡೆಗಣಿಸುವಂತಿಲ್ಲ. ಸೊಳ್ಳೆಯಿಂದ ಹರಡುವ ಜಪಾನೀಸ್ ಮಿದುಳು ಜ್ವರ ಕಾಣಿಸಿಕೊಂಡ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಸೊಳ್ಳೆ ಪರದೆ, ಕಿಟಕಿಗೆ ಜಾಲರಿ ಇವೆರಡೇ ಗಾಳಿಯನ್ನೂ ಉಳಿಸಿ ಸೊಳ್ಳೆಯನ್ನೂ ತಡೆಯುವ ಉಪಾಯಗಳು. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ, ಹರಿದ ಕಡೆ ಹೊಲಿದು ಬಳಸಿದರೆ ಬತ್ತಿಯ ಅಗತ್ಯ ಬೀಳುವುದಿಲ್ಲ.

ಬಾಣಂತಿ ಕೋಣೆಯ ಕೆಂಡ

ಈ ಲೇಖನದಲ್ಲಿ ನಾವು ಎಲ್ಲಕ್ಕಿಂತ ಒತ್ತಿ ಹೇಳಬಯಸುವುದು ಈ ಭಾಗವನ್ನೇ. ಹೆರಿಗೆಯಾದ ತಾಯಿ ಮತ್ತು ಎಳೆಗೂಸಿಗೆ ಬೆಚ್ಚಗಿರಲೆಂದು ಬಾಗಿಲು ಕಿಟಕಿಗಳನ್ನು ಮುಚ್ಚಿ, ಮಂಚದ ಕೆಳಗೆ ಅಥವಾ ಬದಿಯಲ್ಲಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡುವ ರೂಢಿ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಇನ್ನೂ ಉಳಿದಿದೆ. ಅದರ ಹಿಂದಿರುವುದು ಹಿರಿಯರ ಮಮತೆ. ಆದರೆ ಹೊಗೆಯಾಡದ ಕೆಂಡ ನಿರಪಾಯಕಾರಿ ಎಂಬ ನಂಬಿಕೆ ತಪ್ಪು. ಕೆಂಡ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕಣ್ಣು ಉರಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಂಡು, ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಇದರ ಮೊದಲ ಮತ್ತು ಅತಿ ಸಾಮಾನ್ಯ ಲಕ್ಷಣವೇ ತಲೆನೋವು. ಬಳಿಕ ತಲೆಸುತ್ತು, ವಾಕರಿಕೆ, ಮಂಪರು. ನಿದ್ರೆಯಲ್ಲಿರುವವರು ಈ ಲಕ್ಷಣಗಳನ್ನು ಅರಿಯದೆ ಪ್ರಜ್ಞೆ ತಪ್ಪಬಹುದು, ಪ್ರಾಣವನ್ನೂ ಕಳೆದುಕೊಳ್ಳಬಹುದು. ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗುವ ಯಾರಿಗೂ, ಮನೆಯೊಳಗೆ ಜನರೇಟರ್ ಓಡಿಸುವವರಿಗೂ ಇದೇ ಅಪಾಯವಿದೆ.

ಕೊರೊನಾ ಕಾಲದಲ್ಲಿ ಅನೇಕ ಮನೆಗಳಿಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ನೆರವಿಗೆ ಬಾರದು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ಗೂ ಈ ವಿಷಾನಿಲ ಹೊತ್ತ ಹಿಮೋಗ್ಲೋಬಿನ್‌ಗೂ ಇರುವ ಭೇದವನ್ನು ಅದು ಗುರುತಿಸಲಾರದು. ಅಪಾಯದಲ್ಲಿರುವವರಿಗೂ ಎಂದಿನ ಅಂಕಿಯನ್ನೇ ತೋರಿಸಬಹುದು. ಒಂದೇ ಮನೆಯವರಿಗೆ ಒಟ್ಟಿಗೇ ತಲೆನೋವು, ವಾಕರಿಕೆ ಕಾಣಿಸಿದರೆ ಅಳತೆ ನೋಡುತ್ತ ಕೂರದೆ ಎಲ್ಲರನ್ನೂ ಬಯಲಿಗೆ ಕರೆತಂದು, 108ಕ್ಕೆ ಕರೆ ಮಾಡಿ, ಕೋಣೆಯಲ್ಲಿ ಕೆಂಡ ಇತ್ತೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಇದಕ್ಕೆ ಆಮ್ಲಜನಕವೇ ಚಿಕಿತ್ಸೆ.

ಹಾಗಾದರೆ ಕೂಸನ್ನು ಬೆಚ್ಚಗಿಡುವುದು ಹೇಗೆ? ತಾಯಿಯ ಎದೆಗೆ ಚರ್ಮ ತಾಗುವಂತೆ ಅಪ್ಪಿಸಿ ಇಬ್ಬರ ಮೇಲೂ ಹೊದಿಕೆ ಹೊದಿಸುವುದು ಅತ್ಯುತ್ತಮ. ತಲೆಗೆ ಕುಲಾವಿ, ಕಾಲಿಗೆ ಚೀಲ, ಒಣಗಿದ ಬಟ್ಟೆ ಸಾಕು. ಕೆಂಡ ಕಾಯಿಸಲೇಬೇಕೆಂಬ ಹಿರಿಯರ ಒತ್ತಾಯವಿದ್ದರೆ ಅದು ಹೊರಗಿನ ಪಡಸಾಲೆಯಲ್ಲಿ, ಹಗಲಿನಲ್ಲಿ, ಬಾಗಿಲು ತೆರೆದಿರುವಾಗ ಮಾತ್ರ ನಡೆಯಲಿ.

ಬಾಣಂತಿಯ ತಲೆನೋವನ್ನು ಕೋಣೆಯ ಸೆಕೆಯೆಂದು ತಳ್ಳಿಹಾಕುವುದೂ ಅಷ್ಟೇ ಅಪಾಯಕರ. ಹೆರಿಗೆಯ ನಂತರದ ಆರು ವಾರಗಳಲ್ಲಿ ರಕ್ತದೊತ್ತಡ ಏರಿ ಅಪಸ್ಮಾರ ಬರುವ ಸಾಧ್ಯತೆಯಿದೆ. ಮಿದುಳಿನಿಂದ ರಕ್ತ ಹಿಂದಿರುಗುವ ನಾಳಗಳಲ್ಲಿ ಹೆಪ್ಪುಗಟ್ಟುವ ತೊಂದರೆಯೂ ಈ ಅವಧಿಯಲ್ಲಿ ಹೆಚ್ಚು. ಸೆಕೆಯ ಕೋಣೆಯಲ್ಲಿ ಬೆವರುತ್ತಿರುವ ತಾಯಿಗೆ ಕುಡಿಯುವ ನೀರನ್ನು ಕಡಿಮೆ ಮಾಡುವ ರೂಢಿ ರಕ್ತವನ್ನು ಮತ್ತಷ್ಟು ಗಟ್ಟಿಯಾಗಿಸುತ್ತದೆ. ಬಾಣಂತಿಗೆ ಬಾಯಾರಿದಷ್ಟು ನೀರು ಕೊಡಬೇಕು. ಹಾಲೂಡಿಸುವವಳಿಗೆ ಅದರ ಅಗತ್ಯ ಎಂದಿಗಿಂತ ಹೆಚ್ಚು. ಬಿಡದ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಒಂದು ಬದಿಯ ಕೈಕಾಲಿನ ನಿಶ್ಶಕ್ತಿ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆ ಸೇರಬೇಕು.

ಹಾಸಿಗೆಯ ಪಕ್ಕದ ವಿಷ

ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ಮನೆಗಳಲ್ಲಿ ಕೀಟನಾಶಕದ ಡಬ್ಬಿಗಳಿರುತ್ತವೆ. ರೈತರು ಅದನ್ನು ‘ಎಣ್ಣೆ’ ಎಂದು ಕರೆಯುವ ರೂಢಿಯೇ ಅದರ ಭಯವನ್ನು ತಗ್ಗಿಸಿದೆ. ಮಕ್ಕಳ ಕೈಗೆ ಸಿಗಬಾರದೆಂದು ಅದನ್ನು ಮಂಚದ ಕೆಳಗೆ, ಅಟ್ಟದ ಮೇಲೆ ಇಡುವವರಿದ್ದಾರೆ. ಸಿಂಪಡಿಸಿದ ದಿನದ ಬಟ್ಟೆಯನ್ನು ಮಲಗುವ ಕೋಣೆಯ ಗೂಟಕ್ಕೇ ತೂಗುಹಾಕುವವರಿದ್ದಾರೆ. ಮುಚ್ಚಳ ಬಿಗಿಯಿಲ್ಲದ ಡಬ್ಬಿಯಿಂದ, ನೆನೆದ ಬಟ್ಟೆಯಿಂದ ಆವಿ ಏಳುತ್ತಲೇ ಇರುತ್ತದೆ. ಆರ್ಗನೋಫಾಸ್ಫೇಟ್ ವರ್ಗದ ಕೀಟನಾಶಕಗಳ ಆರಂಭದ ಲಕ್ಷಣಗಳಲ್ಲಿ ತಲೆನೋವು, ತಲೆಸುತ್ತು, ಬಾಯಲ್ಲಿ ಅತಿಯಾದ ಜೊಲ್ಲು, ಬೆವರು ಸೇರಿವೆ. ಈ ವಸ್ತುಗಳಿಗೆ ಮನೆಯ ಹೊರಗೆ ಬೀಗವಿರುವ ಪೆಟ್ಟಿಗೆಯೇ ತಕ್ಕ ಸ್ಥಳ. ಸಿಂಪಡಿಸಿ ಬಂದವರು ಸ್ನಾನ ಮಾಡಿ, ಬಟ್ಟೆಯನ್ನು ಬೇರೆಯಾಗಿ ತೊಳೆದು, ಆಮೇಲೆ ಒಳಬರುವುದು ಲೇಸು.

ಇದಕ್ಕಿಂತ ಭೀಕರವಾದುದು ಧಾನ್ಯಕ್ಕೆ ಹುಳು ಹತ್ತದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ಮಾರಕ ಅನಿಲ ಹೊರಡುತ್ತದೆ. ಬೆಳ್ಳುಳ್ಳಿಯಂಥ ಅಥವಾ ಕೊಳೆತ ಮೀನಿನಂಥ ವಾಸನೆ ಬರಬಹುದು, ಬಾರದೆಯೂ ಇರಬಹುದು. ತಲೆನೋವು, ವಾಕರಿಕೆ, ಎದೆ ಬಿಗಿತದಿಂದ ತೊಡಗಿ ಹೃದಯವನ್ನೇ ನಿಲ್ಲಿಸಬಲ್ಲ ಈ ವಿಷಕ್ಕೆ ಪ್ರತ್ಯೌಷಧವಿಲ್ಲ. ಭತ್ತದ ಚೀಲಗಳನ್ನು ಮಲಗುವ ಕೋಣೆಯಲ್ಲೇ ಒಟ್ಟಿ, ಅವುಗಳ ನಡುವೆ ಈ ಗುಳಿಗೆ ಇಟ್ಟು, ಬಾಗಿಲು ಮುಚ್ಚಿ ಮಲಗುವುದು ಸಾವನ್ನು ಪಕ್ಕದಲ್ಲಿ ಮಲಗಿಸಿಕೊಂಡಂತೆ. ಗೋಡೆಯಾಚೆಯ ಕೋಣೆಯಲ್ಲಿಟ್ಟರೂ ಸಂದಿಗಳ ಮೂಲಕ ಅನಿಲ ಬರುತ್ತದೆ. ತರಬೇತಿ ಪಡೆದವರು ಗೋದಾಮಿನಲ್ಲಿ ಬಳಸಬೇಕಾದ ಈ ವಸ್ತು ಜನವಸತಿಯ ಮನೆಯೊಳಗೆ ಬರಲೇಕೂಡದು. ಮನೆಬಳಕೆಯ ಕಾಳಿಗೆ ಬಿಸಿಲಿನಲ್ಲಿ ಒಣಗಿಸುವುದು, ಬೇವಿನೆಲೆ ಬೆರೆಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಸಾಕಾಗುತ್ತದೆ.

ಬೆಳಕು ಮತ್ತು ಸದ್ದು

ಕತ್ತಲಾದಂತೆ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ರಸವನ್ನು ಸ್ರವಿಸಿ ದೇಹವನ್ನು ನಿದ್ರೆಗೆ ಸಿದ್ಧಗೊಳಿಸುತ್ತದೆ. ಬೆಳಕು, ಅದರಲ್ಲೂ ನೀಲಿ ಅಂಶ ಹೆಚ್ಚಿರುವ ಬೆಳಕು, ಈ ಸ್ರಾವವನ್ನು ತಡೆಯುತ್ತದೆ. ಜೀವಕೋಶಗಳೊಳಗಿನ ಹಗಲಿರುಳಿನ ಗಡಿಯಾರ ಹೇಗೆ ನಡೆಯುತ್ತದೆಂದು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಸಂದಿತು. ಮಲಗುವ ಗಳಿಗೆಯವರೆಗೂ ಮುಖದ ಹತ್ತಿರ ಹಿಡಿದ ಮೊಬೈಲ್ ಆ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತದೆ. ಕತ್ತು ಬಾಗಿಸಿ ಬಹಳ ಹೊತ್ತು ನೋಡುವುದರಿಂದ ಕತ್ತಿನ ಸ್ನಾಯುಗಳು ಬಿಗಿದು, ಹಿಂದಲೆಯಿಂದ ಹಣೆಗೆ ನೋವು ಹರಡುತ್ತದೆ. ಮಲಗುವ ಒಂದು ಗಂಟೆ ಮೊದಲು ಮೊಬೈಲನ್ನು ಬೇರೆ ಕೋಣೆಯಲ್ಲಿಡುವುದು ಒಳ್ಳೆಯ ಅಭ್ಯಾಸ. ರಾತ್ರಿ ಏಳುವ ಹಿರಿಯರಿಗಾಗಿ ದೀಪ ಬೇಕಿದ್ದರೆ ನೀಲಿ ಬಲ್ಬಿನ ಬದಲು ಕೆಂಪು ಅಥವಾ ಹಳದಿಯ ಮಂದ ದೀಪವನ್ನು ಕಣ್ಣಿಗೆ ನೇರ ಬೀಳದಂತೆ ಕೆಳಗಡೆ ಹಾಕಬಹುದು.

ಸದ್ದಿನಿಂದ ಪೂರ್ತಿ ಎಚ್ಚರವಾಗದಿದ್ದರೂ ಗಾಢನಿದ್ರೆ ತೆಳುನಿದ್ರೆಯಾಗಿ ಬದಲಾಗುತ್ತದೆ, ಎದೆಬಡಿತ ಏರುತ್ತದೆ. 2000ದಲ್ಲಿ ಜಾರಿಗೆ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಶಬ್ದ 45 ಡೆಸಿಬಲ್ ಮೀರುವಂತಿಲ್ಲ. ಈ ಅವಧಿಯಲ್ಲಿ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷದಲ್ಲಿ ಹದಿನೈದು ದಿನಗಳನ್ನು ಮೀರದಂತೆ ಹಬ್ಬ ಉತ್ಸವಗಳಿಗೆ ಮಧ್ಯರಾತ್ರಿಯವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಜಾತ್ರೆ, ಪುರಾಣ, ಪ್ರವಚನಗಳೂ ಈ ನಿಯಮಕ್ಕೆ ಹೊರತಲ್ಲ. ಬೆಳಿಗ್ಗೆ ಗದ್ದೆಗಿಳಿಯಬೇಕಾದವರ, ಪರೀಕ್ಷೆ ಬರೆಯಬೇಕಾದ ಮಕ್ಕಳ, ರೋಗಿಗಳ ನಿದ್ರೆಯನ್ನು ಕಾಯುವುದೂ ಒಂದು ದಾಸೋಹವೆಂದು ನಾವು ತಿಳಿಯುತ್ತೇವೆ.

ಹಾಸಿಗೆ, ದಿಂಬು

ದಿಂಬು ತೀರ ಎತ್ತರವಾದರೂ, ತೀರ ತಗ್ಗಾದರೂ ಕತ್ತು ರಾತ್ರಿಯಿಡೀ ಬಾಗಿರುತ್ತದೆ. ಮಗ್ಗುಲಾಗಿ ಮಲಗಿದಾಗ ಮೂಗು ಮತ್ತು ಎದೆಯ ನಡುಭಾಗ ಒಂದೇ ಗೆರೆಯಲ್ಲಿರುವಷ್ಟು ಎತ್ತರ ಸರಿಯಾದುದು. ಕೌದಿ, ಕಂಬಳಿ, ಹತ್ತಿಯ ಗಾದಿಗಳಲ್ಲಿ ಸೇರುವ ಧೂಳಿನ ನುಸಿಯಿಂದ ಕೆಲವರಿಗೆ ಮೂಗು ಕಟ್ಟಿ, ಬಾಯಿಯಲ್ಲಿ ಉಸಿರಾಡಿ, ಬೆಳಿಗ್ಗೆ ಹಣೆ ಭಾರವಾಗುತ್ತದೆ. ವಾರಕ್ಕೊಮ್ಮೆ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೊಡವುವ, ಕೌದಿಯನ್ನು ತೊಳೆಯುವ ಹಳೆಯ ಪದ್ಧತಿಯನ್ನು ಬಿಡಬಾರದು. ಹಬ್ಬಕ್ಕೆ, ಮದುವೆಗೆ ಬಣ್ಣ ಬಳಿದ ಕೋಣೆಯಲ್ಲಿ ವಾಸನೆ ಪೂರ್ತಿ ಹೋಗುವವರೆಗೆ ಮಲಗದಿರುವುದು ಒಳಿತು.

ಕಾರಣ ಕೋಣೆಯಲ್ಲಿಲ್ಲದಾಗ

ಕೋಣೆಯನ್ನು ಸರಿಪಡಿಸಿದ ಮೇಲೂ ಮುಂಜಾವಿನ ನೋವು ಉಳಿದರೆ ಬೇರೆ ಕಾರಣಗಳನ್ನು ಹುಡುಕಬೇಕು. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತಂತಾಗಿ, ಬೆಚ್ಚಿ ಮತ್ತೆ ಉಸಿರೆಳೆಯುವವರಿಗೆ ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು. ಎದ್ದ ಕೆಲವು ಗಂಟೆಗಳಲ್ಲಿ ಇಳಿಯುವ ತಲೆನೋವು ಅದರ ಒಂದು ಲಕ್ಷಣ. ಇದನ್ನು ಮಲಗಿದವರು ಅರಿಯರು. ಪಕ್ಕದಲ್ಲಿರುವವರು ಗಮನಿಸಿ ಹೇಳಬೇಕು. ನಿದ್ರೆಯಲ್ಲಿ ಹಲ್ಲು ಕಡಿಯುವವರಿಗೆ ದವಡೆ ಮತ್ತು ಕಪೋಲ ನೋಯುತ್ತವೆ. ದಿನಕ್ಕೆ ಹಲವು ಬಾರಿ ಚಹಾ ಕುಡಿಯುವವರಿಗೆ ರಾತ್ರಿಯಿಡೀ ಅದು ಸಿಗದೆ ಬೆಳಿಗ್ಗೆ ತಲೆ ನೋಯಬಹುದು. ಒಂದು ಲೋಟ ಚಹಾದಿಂದ ನೋವು ಮಾಯವಾಗುವುದೇ ಅದಕ್ಕೆ ಸಾಕ್ಷಿ.

ಗುಳಿಗೆಯೇ ತಲೆನೋವಿಗೆ ಕಾರಣವಾಗುವುದೂ ಉಂಟು. ಸಾದಾ ನೋವುನಿವಾರಕವನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಹಲವು ಔಷಧಗಳು ಬೆರೆತ ಗುಳಿಗೆಯನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳಿಗೂ ಮೀರಿ ನುಂಗಿದವರಲ್ಲಿ ಔಷಧದ ಅತಿಬಳಕೆಯಿಂದಲೇ ತಲೆನೋವು ನೆಲೆಯೂರಬಹುದು. ಇಂಥವರು ವೈದ್ಯರ ಸಲಹೆಯಿಂದ ಗುಳಿಗೆಯನ್ನು ಬಿಡಬೇಕಾಗುತ್ತದೆ. ಮೊದಲ ಕೆಲವು ದಿನ ನೋವು ಹೆಚ್ಚಿ, ಅನಂತರ ಇಳಿಯುತ್ತದೆ.

ಎರಡು ವಾರಗಳ ಪರೀಕ್ಷೆ

ಕಾರಣವನ್ನು ಪತ್ತೆಹಚ್ಚಲು ಒಂದು ನೋಟುಪುಸ್ತಕ ಸಾಕು. ಮೊದಲ ವಾರ ಯಾವ ಬದಲಾವಣೆಯನ್ನೂ ಮಾಡದೆ ಪ್ರತಿದಿನ ನಾಲ್ಕು ಸಂಗತಿ ಬರೆಯಿರಿ: ಮಲಗಿದ ಮತ್ತು ಎದ್ದ ಸಮಯ, ಎದ್ದಾಗಿನ ನೋವು ಹತ್ತಕ್ಕೆ ಎಷ್ಟು, ಅದು ಇಳಿದ ಸಮಯ, ನುಂಗಿದ ಗುಳಿಗೆ. ಎರಡನೆಯ ವಾರ ಒಂದೇ ಒಂದು ಬದಲಾವಣೆ ಮಾಡಿ. ಸೊಳ್ಳೆ ಬತ್ತಿಯ ಬದಲು ಪರದೆ ಕಟ್ಟಬಹುದು, ಅಥವಾ ಕಿಟಕಿ ತೆರೆದಿಡಬಹುದು. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಕೆಂಡ, ಕೀಟನಾಶಕ, ಧಾನ್ಯದ ಗುಳಿಗೆಗಳು ಮಾತ್ರ ಈ ಪರೀಕ್ಷೆಗೆ ಹೊರತು. ಅವು ಇಂದೇ ಕೋಣೆಯಿಂದ ಹೊರಗೆ ಹೋಗಬೇಕು. ಒಂದೇ ಕೋಣೆಯ ಮನೆಯವರು ಕೋಣೆಯನ್ನು ಹೆಚ್ಚಿಸಲಾರರು, ಆದರೆ ಅದರೊಳಗೆ ಏನಿರಬಾರದು ಎಂಬುದನ್ನು ತೀರ್ಮಾನಿಸಬಲ್ಲರು.

ಕೆಲವು ತಲೆನೋವುಗಳಿಗೆ ಪರೀಕ್ಷೆಯ ಸಮಯವೂ ಇಲ್ಲ. ಸಿಡಿಲು ಬಡಿದಂತೆ ಹಠಾತ್ತನೆ ಬಂದ ತೀವ್ರ ನೋವು, ಜ್ವರದೊಡನೆ ಕತ್ತು ಸೆಟೆದುಕೊಳ್ಳುವುದು, ಮಾತು ತೊದಲುವುದು, ಒಂದು ಬದಿ ಶಕ್ತಿಗುಂದುವುದು, ದೃಷ್ಟಿ ಮಂಜಾಗುವುದು, ಅಪಸ್ಮಾರ, ತಲೆಗೆ ಪೆಟ್ಟಾದ ನಂತರದ ನೋವು, ಐವತ್ತು ವರ್ಷ ದಾಟಿದ ಮೇಲೆ ಮೊದಲ ಬಾರಿಗೆ ಆರಂಭವಾದ ನೋವು, ದಿನದಿಂದ ದಿನಕ್ಕೆ ಹೆಚ್ಚುತ್ತ ವಾಂತಿಯೊಡನೆ ನಸುಕಿನಲ್ಲಿ ಎಬ್ಬಿಸುವ ನೋವು. ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಶರಣರು ದೇಹವನ್ನು ತುಚ್ಛವೆಂದು ಕಾಣಲಿಲ್ಲ. ಅದನ್ನು ಲಿಂಗದ ನೆಲೆಯೆಂದು ಗೌರವಿಸಿದರು. ಆ ದೇಹ ತನ್ನ ಆಯುಷ್ಯದ ಮೂರನೆಯ ಒಂದು ಭಾಗವನ್ನು ಕಳೆಯುವ ಕೋಣೆಯೂ ನಮ್ಮ ಗಮನಕ್ಕೆ ಅರ್ಹವಾದುದು. ಹೆರಿಗೆಗೆಂದು ಮಗಳನ್ನು ತವರಿಗೆ ಕರೆತರಲಿರುವ ತಾಯಂದಿರು ಆಕೆ ಬರುವ ಮೊದಲೇ ಆ ಕೋಣೆಯ ಕಿಟಕಿಗೆ ಜಾಲರಿ ಹಾಕಿಸಲಿ, ಮಂಚದ ಕೆಳಗಿನ ಡಬ್ಬಿಗಳನ್ನು, ಮೂಲೆಯ ಚೀಲಗಳನ್ನು ಹೊರಗಿಡಲಿ, ಅಗ್ಗಿಷ್ಟಿಕೆಯ ಜಾಗದಲ್ಲಿ ಕುಡಿಯುವ ನೀರಿನ ತಂಬಿಗೆ ಇಡಲಿ ಎಂದು ನಾವು ಕೋರುತ್ತೇವೆ.